ಗುಲಾಬಿ ಎಲೆಯನ್ನು ದುಂಡಗೆ ಕತ್ತರಿಸುತ್ತಿರುವುದು ಯಾರು?

ಗುಲಾಬಿ ಎಲೆಗಳ ಅಂಚು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿಹೋಗಿದೆ, ಹುಳು ಮಾತ್ರ ಎಲ್ಲೂ ಕಾಣುತ್ತಿಲ್ಲ, ಔಷಧಿ ಹೊಡೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಅಂಚು ಅಷ್ಟು ನುಣುಪಾಗಿದ್ದರೆ ಅದು ಬಹುಮಟ್ಟಿಗೆ ಗುಂಪಿನಲ್ಲಿರದೆ ಒಂಟಿಯಾಗಿ ಬಾಳುವ, ಎಲೆ ಕತ್ತರಿಸುವ ಜೇನುನೊಣದ ಕೆಲಸ. ಅದು ಎಲೆಯನ್ನು ತಿನ್ನುವುದಿಲ್ಲ. ಟೊಳ್ಳು ಕಡ್ಡಿಯಲ್ಲೋ ಮರದ ತೂತಿನಲ್ಲೋ ಆ ತುಂಡುಗಳನ್ನು ಸುತ್ತಿ ಪುಟ್ಟ ಕೋಣೆ ಕಟ್ಟುತ್ತದೆ. ಪರಾಗ, ಮಕರಂದ ಕಲಸಿಟ್ಟು, ಒಂದೇ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಇಂಥ ಕೋಣೆಗಳದೇ ಒಂದು ಸಾಲು. ಸಾಮಾನ್ಯವಾಗಿ ಒಳಗಿನವುಗಳಲ್ಲಿ ಹೆಣ್ಣು, ಬಾಗಿಲ ಬಳಿ ಗಂಡು. ಗಂಡುಗಳೇ ಮೊದಲು ಹೊರಬರುತ್ತವೆ. ಎಂಥ ಅಚ್ಚುಕಟ್ಟು! ಬಿಸಿಲೇರಿದ ಮೇಲೆ ಗಿಡದ ಬಳಿ ಅಲುಗಾಡದೆ ಕುಳಿತು ನೋಡಿ. ಹೊಟ್ಟೆಯ ಅಡಿಯಲ್ಲಿ ಪರಾಗ ಮೆತ್ತಿಕೊಂಡಿದ್ದರೆ ಅದೇ. ಬಲಿತ ಗಿಡಕ್ಕೆ ಇದರಿಂದ ತೊಂದರೆಯಿಲ್ಲ. ಒಣಗಿದ ಟೊಳ್ಳು ಕಡ್ಡಿಗಳನ್ನು ಮಾತ್ರ ಸುಡಬೇಡಿ, ಮರಿಗಳು ಅದರೊಳಗೇ ಇರಬಹುದು.