ಅಜ್ಜನ ಕಾಲದ ಮಿಲಿಟರಿ ಡಾಡ್ಜ್ ಟ್ರಕ್ಕನ್ನು ಮತ್ತೆ ಓಡಿಸಬಹುದೇ? ಅದರ ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಸಕಲೇಶಪುರದ ಕಡೆಯ ನಿಮ್ಮ ತೋಟದ ಶೆಡ್ಡಿನಲ್ಲಿ, ನಿಮ್ಮ ಅಜ್ಜನವರು ಯುದ್ಧಾನಂತರದ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಕೊಂಡ ಡಾಡ್ಜ್ ಟ್ರಕ್ಕು ಇಪ್ಪತ್ತೈದು ವರ್ಷಗಳಿಂದ ಕದಲದೆ ನಿಂತಿದೆ, ಮುಂದೆ ವಿಂಚ್ (ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ) ಇದೆ, ಇಂಜಿನ್ ಜಾಮ್ ಆಗಿದೆ. ನೋಡಲು ಬಂದ ಮೆಕ್ಯಾನಿಕ್ ಇದರ ಸ್ಪೇರ್ ಎಲ್ಲಿಯೂ ಸಿಗುವುದಿಲ್ಲ, ಗುಜರಿಗೆ ಕೊಟ್ಟುಬಿಡಿ ಎಂದಿದ್ದಾರೆ. ಅದು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಇದೇ ಜಾತಿಯ, ಆದರೆ ವಿಂಚ್ ಇಲ್ಲದ ಒಂದು ಗಾಡಿಯನ್ನು ನಾನು ಮೂಡಿಗೆರೆಯ ನಮ್ಮ ಮನೆಯ ಕಾಫಿ ಕಣದಲ್ಲಿ, ಬಿಡುವು ಸಿಕ್ಕಾಗಲೆಲ್ಲ ಕೆಲಸ ಮಾಡುತ್ತ, ನಾಲ್ಕು ವರ್ಷಗಳಲ್ಲಿ ರಸ್ತೆಗೆ ಇಳಿಸಿದ್ದೇನೆ. (ಆ ನಾಲ್ಕೂ ವರ್ಷ ಅರ್ಧ ಕಣದಲ್ಲಿಯೇ ಕಾಫಿ ಒಣಗಿಸಿಕೊಂಡ ನಮ್ಮ ತಾಯಿಯವರ ತಾಳ್ಮೆಯನ್ನು ಇಲ್ಲಿ ನೆನೆಯಲೇಬೇಕು.) ಸ್ಪೇರ್ ಸಿಗದೆ ನಾನು ಕಳೆದ ದಿನಗಳು ಕಡಿಮೆ, ಬೇಕಾದ ಸ್ಪೇರ್ ಯಾವುದೆಂದು ಸರಿಯಾಗಿ ತಿಳಿಯದೆ, ತಪ್ಪು ಸಾಮಾನು ಕೊಂಡು ಹಾಳುಮಾಡಿದ ದಿನಗಳೇ ಹೆಚ್ಚು. ಆದ್ದರಿಂದ ಅಂಗಡಿಗಳ ಮಾತಿಗಿಂತ ಮೊದಲು ಗಾಡಿಯ ಗುರುತಿನ ಮಾತನ್ನು ಹೇಳುತ್ತೇನೆ.

ನಿಮ್ಮ ವರ್ಣನೆಯಂತೆ ಅದು ಮುಕ್ಕಾಲು ಟನ್ನಿನ, ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವೆಪನ್ ಕ್ಯಾರಿಯರ್, ಅಂದರೆ ಆಯುಧ ಸಾಗಿಸುವ ಸೈನ್ಯದ ಗಾಡಿ. ವಿಂಚ್ ಇಲ್ಲದ್ದಕ್ಕೆ ಡಬ್ಲ್ಯೂಸಿ-51 ಎಂದೂ ವಿಂಚ್ ಇರುವುದಕ್ಕೆ ಡಬ್ಲ್ಯೂಸಿ-52 ಎಂದೂ ಹೆಸರು. 1942ರಿಂದ 1945ರವರೆಗೆ ಮೊದಲನೆಯದು 1,23,541, ಎರಡನೆಯದು 59,114 ತಯಾರಾದವು. ಅಸ್ಸಾಮಿನ ಲೇಡೊದಿಂದ ಬರ್ಮಾದ ಮೂಲಕ ಚೀನಾಕ್ಕೆ ರಸ್ತೆ ಕಡಿಯುತ್ತಿದ್ದ ಅಮೆರಿಕದ ಸೈನ್ಯದೊಡನೆ ಇಂಥ ಗಾಡಿಗಳು ಭಾರತಕ್ಕೆ ಬಂದವು. ಯುದ್ಧ ಮುಗಿದ ಮೇಲೆ ಬಿಟ್ಟುಹೋದವುಗಳಲ್ಲಿ ಕೆಲವು ಕೈಯಿಂದ ಕೈಗೆ ದಾಟಿ ಮಲೆನಾಡಿನ ತೋಟಗಳನ್ನು ಸೇರಿದವು. ಲಕ್ಷಗಟ್ಟಲೆ ತಯಾರಾದ, ಯುದ್ಧದ ನಂತರವೂ ನಾರ್ವೆ, ಆಸ್ಟ್ರಿಯ, ಗ್ರೀಸ್ ಮೊದಲಾದ ದೇಶಗಳ ಸೈನ್ಯಗಳಲ್ಲಿ ದುಡಿದ ಗಾಡಿಯ ಸಾಮಾನು ಭೂಮಿಯ ಮೇಲಿಂದ ಮಾಯವಾಗಿರುವುದಿಲ್ಲ.

ಈಗ ಒಂದು ಟಾರ್ಚ್, ತಂತಿಯ ಬ್ರಷ್ ಮತ್ತು ನೋಟ್‌ಬುಕ್ ಹಿಡಿದು ಶೆಡ್ಡಿಗೆ ಹೋಗಿ. ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಮುಚ್ಚಳದ ಮೇಲೆ ಲೋಹದ ಫಲಕಗಳು ಉಳಿದಿದ್ದರೆ ಅವುಗಳಲ್ಲಿ ಮಾದರಿಯ ಹೆಸರು, ಕ್ರಮಸಂಖ್ಯೆ ಮತ್ತು ಸೈನ್ಯಕ್ಕೆ ಒಪ್ಪಿಸಿದ ದಿನಾಂಕ ಇರುತ್ತವೆ. ಅವನ್ನು ಆಸಿಡ್ ಹಾಕಿ ಉಜ್ಜಬೇಡಿ, ಅಕ್ಷರ ಅಳಿಸಿಹೋಗುತ್ತದೆ. ಇಂಜಿನ್ ಬ್ಲಾಕಿನ ಎಡಬದಿಯಲ್ಲಿ, ಮುಂಭಾಗದಲ್ಲಿ, ಹೆಡ್ಡಿಗೆ ಸ್ವಲ್ಪ ಕೆಳಗೆ ಇಂಜಿನ್ ಸಂಖ್ಯೆ ಕೊರೆದಿರುತ್ತದೆ. ಅದು ಟಿ-214 ಎಂದು ಆರಂಭವಾದರೆ ಗಾಡಿಯ ಮೂಲ ಇಂಜಿನ್ ಉಳಿದಿದೆ ಎನ್ನಬಹುದು. ನಮ್ಮ ಕಡೆಯಲ್ಲಿ ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಇಂಜಿನ್ ಕೂರಿಸಿದ ಹಳೆಯ ಗಾಡಿಗಳು ಬಹಳ ಇರುವುದರಿಂದ ಇದನ್ನು ನೋಡದೆ ಒಂದು ರೂಪಾಯಿಯ ಸಾಮಾನನ್ನೂ ಕೊಳ್ಳಬಾರದು. ಬಾನೆಟ್ಟಿನ ಪಕ್ಕದಲ್ಲಿ ಬಣ್ಣವನ್ನು ವಾಟರ್ ಪೇಪರಿನಿಂದ ಪದರ ಪದರವಾಗಿ ನಿಧಾನವಾಗಿ ಉಜ್ಜಿದರೆ, ಅದೃಷ್ಟವಿದ್ದಲ್ಲಿ, ಅಮೆರಿಕದ ಸೈನ್ಯದ ನೋಂದಣಿ ಸಂಖ್ಯೆ ಕಾಣುತ್ತದೆ. ಈ ವರ್ಗದ ಗಾಡಿಗಳಲ್ಲಿ ಅದು 2 ಎಂಬ ಅಂಕಿಯಿಂದ ಆರಂಭವಾಗುತ್ತದೆ. ನನ್ನದರಲ್ಲಿ ಎಸ್ಟೇಟಿನ ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು ಪ್ರೈಮರ್ ದಾಟಿದ ಮೇಲೆ ನಾಲ್ಕು ಅಂಕಿಗಳಷ್ಟೇ ಸಿಕ್ಕವು.

ಅದರ ಜೊತೆಗೇ ಕಾಗದಪತ್ರವನ್ನೂ ನೋಡಿಕೊಳ್ಳಿ. ಆರ್‌ಸಿ ಕಳೆದಿದ್ದರೆ ಹಳೆಯ ನಂಬರ್ ಕೊಟ್ಟು ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ವಿವರಗಳ ಪ್ರತಿ) ಪಡೆಯಲು ಪ್ರಯತ್ನಿಸಿ, ಮತ್ತು ಅದರಲ್ಲಿ ಗಾಡಿಯನ್ನು ಯಾವ ವರ್ಗವೆಂದು ಬರೆದಿದ್ದಾರೆ ಎಂಬುದನ್ನು ಗಮನಿಸಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮದಂತೆ, ಮೂಲ ರೂಪದಲ್ಲಿ ಉಳಿಸಿಕೊಂಡ ಐವತ್ತು ವರ್ಷ ಮೀರಿದ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ. ಆದರೆ ಅದು ದ್ವಿಚಕ್ರ ವಾಹನಗಳಿಗೆ ಮತ್ತು ಎಂ-1 ಎಂಬ ಪ್ರಯಾಣಿಕ ವರ್ಗದ ನಾಲ್ಕು ಚಕ್ರದ ವಾಹನಗಳಿಗೆ ಸೀಮಿತ. ನಿಮ್ಮ ಗಾಡಿ ಸರಕು ವಾಹನವೆಂದು ದಾಖಲಾಗಿದ್ದರೆ ಆ ಬಾಗಿಲಿನಿಂದ ಒಳಗೆ ಹೋಗಲಾಗದು. ಇದನ್ನು ಬಣ್ಣ ಬಳಿದ ಮೇಲೆ ತಿಳಿಯುವುದಕ್ಕಿಂತ ಈಗಲೇ ತಿಳಿಯುವುದು ಲೇಸು.

ಇನ್ನು ಜಾಮ್ ಆದ ಇಂಜಿನ್. ಇದು ಆರು ಸಿಲಿಂಡರಿನ, 230 ಘನ ಇಂಚಿನ, 92 ಅಶ್ವಶಕ್ತಿಯ ಸೈಡ್-ವಾಲ್ವ್ ಇಂಜಿನ್. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲಿಯೇ ಇವೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ನಿಂತ ಇಂಥ ಇಂಜಿನ್ನಿನಲ್ಲಿ ಪಿಸ್ಟನ್ನಿಗಿಂತ ಮೊದಲು ವಾಲ್ವುಗಳು ತಮ್ಮ ಗೈಡುಗಳಲ್ಲಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ, ಗೇರಿನಲ್ಲಿ ಹಾಕಿ ಎಳೆಯುವ ಸಾಹಸವನ್ನು ಯಾರು ಸೂಚಿಸಿದರೂ ಒಪ್ಪಬೇಡಿ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ (ಎಟಿಎಫ್) ಮತ್ತು ಅಸಿಟೋನ್ ಬೆರೆಸಿದ ದ್ರವವನ್ನು ಹಾಕಿ, ಪಕ್ಕದ ಟ್ಯಾಪೆಟ್ ಮುಚ್ಚಳಗಳನ್ನು ತೆಗೆದು ವಾಲ್ವಿನ ಕಡ್ಡಿಗಳಿಗೂ ಅದನ್ನೇ ಬಿಟ್ಟು, ಎರಡು ವಾರ ಕಾಯಿರಿ. ಹತ್ತಿರದಲ್ಲಿ ಬೀಡಿ ಹಚ್ಚುವವರು ಇಲ್ಲದಂತೆ ನೋಡಿಕೊಳ್ಳಿ. ಆಮೇಲೆ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲ್ಲಾಡಿಸುತ್ತ ಬನ್ನಿ. ನನ್ನದು ಹತ್ತೊಂಬತ್ತನೆಯ ದಿನ ಬಿಟ್ಟುಕೊಟ್ಟಿತು.

ಇಂಜಿನ್ ತಿರುಗಿತೆಂದು ಸಂತೋಷಪಟ್ಟು ನಾನು ಮಾಡಿದ ದೊಡ್ಡ ತಪ್ಪನ್ನು ಇಲ್ಲಿ ಹೇಳಬೇಕು. ಕಾರ್ಬುರೇಟರ್ ತೊಳೆದು, ಪಾಯಿಂಟ್ ಸರಿಮಾಡಿ, ಸ್ಟಾರ್ಟ್ ಮಾಡಿ, ಮೂಡಿಗೆರೆಯ ಪೇಟೆಯವರೆಗೆ ಹೋಗಿಬಂದೆ. ರೇಡಿಯೇಟರ್ ಮೇಲೆ ಕೈಯಿಟ್ಟರೆ ಬೆಚ್ಚಗಷ್ಟೇ ಇತ್ತು; ಆದರೆ ಹಿಂದಿನ ಎರಡು ಸಿಲಿಂಡರುಗಳ ಬಳಿ ಬಣ್ಣ ಸುಟ್ಟ ವಾಸನೆ. ಕ್ರೈಸ್ಲರ್ ಸಂಸ್ಥೆಯ ಈ ಇಂಜಿನ್ನುಗಳಲ್ಲಿ ವಾಟರ್ ಪಂಪಿನ ಹಿಂದೆ, ಬ್ಲಾಕಿನ ಒಳಗೆ ಉದ್ದಕ್ಕೂ, ತಗಡಿನ ಒಂದು ಚಪ್ಪಟೆ ಕೊಳವೆ ಇರುತ್ತದೆ. ಪಂಪಿನಿಂದ ಬಂದ ತಣ್ಣೀರನ್ನು ಒಂದೊಂದು ಎಕ್ಸಾಸ್ಟ್ ವಾಲ್ವಿನ ಬಳಿಗೂ ಹಂಚುವುದು ಅದರ ಕೆಲಸ. ತುಕ್ಕು ಹಿಡಿದು ಅದು ಮುಂಭಾಗದಲ್ಲೇ ತೂತಾದರೆ ಐದು ಮತ್ತು ಆರನೆಯ ಸಿಲಿಂಡರುಗಳಿಗೆ ನೀರು ಸರಿಯಾಗಿ ತಲುಪುವುದಿಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ, ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಅಂಥದ್ದೊಂದು ಇದೆಯೆಂಬುದೂ ಗೊತ್ತಿರಲಿಲ್ಲ. ರೇಡಿಯೇಟರ್ ಮತ್ತು ಪಂಪನ್ನು ತೆಗೆದು, ಕೊಕ್ಕೆ ಹಾಕಿ ಮುಂದಕ್ಕೆ ಎಳೆದಾಗ ನನ್ನ ಕೈಗೆ ಬಂದದ್ದು ಕೊಳವೆಯಲ್ಲ, ಅದರ ಚೂರುಗಳು. ಹಿತ್ತಾಳೆ ತಗಡಿನಲ್ಲಿ ಅದೇ ಅಳತೆಗೆ ಮಾಡಿಸಿ ಹಾಕಿದೆ. ಹಾಗೆಯೇ ಬ್ಲಾಕಿನ ಪಕ್ಕದ ವಾಟರ್ ಪ್ಲಗ್ಗುಗಳನ್ನೆಲ್ಲ ಬದಲಿಸಿ, ಆ ತೂತುಗಳ ಮೂಲಕ ಒಳಗಿನ ಕೆಸರನ್ನು ಕೆದಕಿ ತೆಗೆಯಿರಿ. ನನ್ನ ಬ್ಲಾಕಿನಿಂದ ಅರ್ಧ ಬಕೆಟ್ ಕೆಸರು ಬಂತು. ಹೆಡ್ ಕೂರಿಸುವಾಗ ಕೆಲವು ಬೋಲ್ಟುಗಳು ನೀರಿನ ಜಾಗಕ್ಕೇ ಇಳಿಯುತ್ತವೆ ಎಂಬುದನ್ನು ನೆನಪಿಟ್ಟು ಅವುಗಳ ಮರೆಗೆ (ಥ್ರೆಡ್ಡಿಗೆ) ಸೀಲೆಂಟ್ ಹಚ್ಚಿ.

ಬಿಡಿಭಾಗಗಳ ವಿಷಯಕ್ಕೆ ಬರೋಣ. ಈ ಗಾಡಿಗೆ ಅಮೆರಿಕದ ಸೈನ್ಯ ಕೊಟ್ಟ ಬಿಡಿಭಾಗಗಳ ಪಟ್ಟಿಯ ಸಂಖ್ಯೆ ಜಿ-502, ದುರಸ್ತಿ ಕೈಪಿಡಿಯ ಸಂಖ್ಯೆ ಟಿಎಂ 9-808. ಎರಡನ್ನೂ ಮುದ್ರಿಸಿಟ್ಟುಕೊಳ್ಳಿ. ಪಟ್ಟಿಯಲ್ಲಿ ಪ್ರತಿ ಸಾಮಾನಿನ ಚಿತ್ರ ಮತ್ತು ಸಂಖ್ಯೆ ಇರುವುದರಿಂದ ಅಂಗಡಿಯವರ ಮುಂದೆ ನೀವು ಕೈಸನ್ನೆ ಮಾಡಿ ವರ್ಣಿಸಬೇಕಾಗಿಲ್ಲ. ಬೇರಿಂಗುಗಳಿಗಂತೂ ಇದೂ ಬೇಡ: ತೊಳೆದು ನೋಡಿದರೆ ಅಂಚಿನಲ್ಲಿಯೇ ತಯಾರಕರ ಸಂಖ್ಯೆ ಇರುತ್ತದೆ, ಎಂಬತ್ತು ವರ್ಷಗಳ ನಂತರವೂ ಆ ಟೇಪರ್ ಬೇರಿಂಗುಗಳ ಸಂಖ್ಯೆ ಬದಲಾಗಿಲ್ಲ. ನನಗೆ ಬೇಕಾದ ಬೇರಿಂಗುಗಳಲ್ಲಿ ಹೆಚ್ಚಿನವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೇ ಸಿಕ್ಕವು. ಆಯಿಲ್ ಸೀಲನ್ನು ಹೆಸರಿನಿಂದ ಕೇಳಿದರೆ ಇಲ್ಲವೆನ್ನುತ್ತಾರೆ; ಒಳವ್ಯಾಸ, ಹೊರವ್ಯಾಸ, ದಪ್ಪವನ್ನು ವರ್ನಿಯರ್‌ನಿಂದ ಅಳೆದು ಚೀಟಿಯಲ್ಲಿ ಬರೆದುಕೊಟ್ಟರೆ ಹತ್ತು ನಿಮಿಷದಲ್ಲಿ ತಂದುಕೊಡುತ್ತಾರೆ.

ಇಂಜಿನ್ನಿನ ಸಾಮಾನುಗಳಿಗೆ ಮಿಲಿಟರಿ ಎಂಬ ಪದವನ್ನೇ ಮರೆತುಬಿಡಿ. ಇದೇ ಇಂಜಿನ್ನಿನ ಒಡಹುಟ್ಟುಗಳು ಆ ಕಾಲದ ಡಾಡ್ಜ್ ಮತ್ತು ಪ್ಲಿಮತ್ ಕಾರುಗಳಲ್ಲಿಯೂ ಲಾರಿಗಳಲ್ಲಿಯೂ ಇದ್ದವು. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಜೋಡಿಸುತ್ತಿದ್ದ ಡಾಡ್ಜ್, ಫಾರ್ಗೊ ಗಾಡಿಗಳ ಕಾರಣದಿಂದ ಅಂಥ ಹಳೆಯ ಸ್ಟಾಕು ನಮ್ಮ ದೇಶದ ಅಂಗಡಿಗಳ ಅಟ್ಟಗಳಲ್ಲಿ ಇನ್ನೂ ಸಿಗುವುದುಂಟು. ಆದರೆ ಇಲ್ಲೊಂದು ಹಳ್ಳವಿದೆ, ಅದರಲ್ಲಿ ನಾನು ಬಿದ್ದಿದ್ದೇನೆ. ಈ ಕುಟುಂಬದಲ್ಲಿ ಎರಡು ಅಳತೆಯ ಬ್ಲಾಕುಗಳಿವೆ: ನಮ್ಮ ಗಾಡಿಯ ಹೆಡ್ಡಿನ ಉದ್ದ ಸುಮಾರು 23 ಇಂಚು, ಕೆನಡಾದಲ್ಲಿ ತಯಾರಾದ ಇಂಜಿನ್ನುಗಳದ್ದು ಸುಮಾರು 25 ಇಂಚು. ನೋಡಲು ಎರಡೂ ಒಂದೇ. ಚೆನ್ನೈನ ಪುದುಪೇಟೆಯಲ್ಲಿ ಎರಡು ದಿನ ಅಲೆದು, ಹಳೆಯ ಕಾಗದದಲ್ಲಿ ಸುತ್ತಿದ ಹೊಚ್ಚ ಹೊಸ ತಾಮ್ರದ ಹೆಡ್ ಗ್ಯಾಸ್ಕೆಟ್ಟೊಂದನ್ನು ಗೆದ್ದವನಂತೆ ಮನೆಗೆ ತಂದೆ. ಬ್ಲಾಕಿನ ಮೇಲಿಟ್ಟರೆ ಎರಡು ಇಂಚು ಹೊರಗೆ. ಅದೀಗ ನಮ್ಮ ಮನೆಯ ಗೋಡೆಯ ಮೇಲಿದೆ. ಪಿಸ್ಟನ್ನಿಗೆ ಮೂರೂಕಾಲು ಇಂಚಿನ ಬೋರ್ ಎಂದು ಕೇಳಿ, ಮತ್ತು ಹಳೆಯ ಪಿಸ್ಟನ್ನನ್ನು ಜೊತೆಗೆ ಒಯ್ಯಿರಿ.

ಪುದುಪೇಟೆಯ ಹೊರತಾಗಿ ನಾನು ಕಂಡಂತೆ ಹಳೆಯ ಫೋರ್-ವೀಲ್ ಗಾಡಿಗಳ ಸಾಮಾನಿಗೆ ಉತ್ತರದ ಮಂಡಿ ಡಬ್ವಾಲಿ ಒಳ್ಳೆಯ ಜಾಗ. ಜೀಪು ಕಟ್ಟುವುದೇ ಅಲ್ಲಿಯ ಕಸುಬು. ಬಂಗಾಳದ ಪಾನಾಗಢದ ಗುಜರಿಗಳ ಹೆಸರನ್ನೂ ಹೇಳುತ್ತಾರೆ. ಆದರೆ ರೈಲು ಹತ್ತುವ ಮೊದಲು ಫೋಟೋ ಮತ್ತು ಅಳತೆಯನ್ನು ಫೋನಿನಲ್ಲಿ ಕಳುಹಿಸಿ ಖಚಿತಪಡಿಸಿಕೊಳ್ಳಿ. ಕ್ರೌನ್-ಪಿನಿಯನ್, ಮುಂದಿನ ಆಕ್ಸಲಿನ ಜಾಯಿಂಟು, ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಆಕ್ಸಲುಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಗೇರುಗಳಂತಹ, ಈ ಗಾಡಿಗೆ ಮಾತ್ರವೇ ಸೇರಿದ ಸಾಮಾನುಗಳಿಗೆ ನಾನು ಕೊನೆಗೆ ಯುರೋಪಿನ ಮತ್ತು ಅಮೆರಿಕದ ವ್ಯಾಪಾರಿಗಳನ್ನೇ ಹಿಡಿಯಬೇಕಾಯಿತು. ಸಾಮಾನಿಗಿಂತ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಹೆಚ್ಚಾದ ಸಂದರ್ಭಗಳೂ ಇವೆ. ಆದ್ದರಿಂದ ಇಡೀ ಗಾಡಿಯನ್ನು ಪರೀಕ್ಷಿಸಿ ಪಟ್ಟಿ ಮಾಡಿ ಒಂದೇ ಸಲಕ್ಕೆ ತರಿಸಿ. ವಾಟರ್ ಪಂಪಿನ ಶಾಫ್ಟು, ಬುಷ್, ಸ್ಪ್ರಿಂಗ್ ಪಿನ್ನುಗಳನ್ನು ಪೀಣ್ಯದ ಒಂದು ಸಣ್ಣ ಲೇತ್ ಶಾಪಿನಲ್ಲಿ ಮಾಡಿಸಿದೆ, ತರಿಸಿದ್ದಕ್ಕಿಂತ ಚೆನ್ನಾಗಿವೆ. ನಟ್ಟು-ಬೋಲ್ಟುಗಳೆಲ್ಲ ಇಂಚಿನ ಲೆಕ್ಕದವು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ಮೂಲೆ ಸವೆಸುವವರನ್ನು ಗಾಡಿಯ ಹತ್ತಿರ ಬಿಡಬೇಡಿ.

ಚಕ್ರ ಬಿಚ್ಚುವ ಮುನ್ನ ಎರಡು ಮಾತು. ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡಮರೆ, ಅಂದರೆ ಅವು ಬಿಚ್ಚುವುದು ವಿರುದ್ಧ ದಿಕ್ಕಿಗೆ. ಇದು ತಿಳಿಯದೆ ನಾಲ್ಕಡಿ ಪೈಪು ಹಾಕಿ ಬಲವಾಗಿ ತಿರುಗಿಸಿ ನಾನು ಎರಡು ಸ್ಟಡ್ ಮುರಿದೆ. ಎರಡನೆಯ ಮಾತಿನಲ್ಲಿ ತಪ್ಪಿದರೆ ಆಮೇಲೆ ಸರಿಪಡಿಸಲಾಗದು: ಈ ಗಾಡಿಯ ರಿಮ್ಮು ಎರಡು ಹೋಳುಗಳನ್ನು ಬೋಲ್ಟಿನಿಂದ ಸೇರಿಸಿದ್ದು, ಹೊರಸುತ್ತಿನ ನಟ್ಟುಗಳು ಚಕ್ರದವಲ್ಲ, ರಿಮ್ಮಿನವು. ಟ್ಯೂಬಿನ ವಾಲ್ವಿನ ಪಿನ್ನನ್ನೇ ತೆಗೆದು ಗಾಳಿಯನ್ನು ಪೂರ್ತಿ ಬಿಡದೆ ಅವನ್ನು ಮುಟ್ಟಿದರೆ ರಿಮ್ಮಿನ ಹೋಳು ಗುಂಡಿನಂತೆ ಹಾರುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದನ್ನು ನೀವೇ ನಿಂತು ಹೇಳಬೇಕು. ಟೈರಿನ ಅಳತೆ 9.00-16, ಟ್ರ್ಯಾಕ್ಟರ್ ಟ್ರೇಲರಿಗೆ ಇದೇ ಅಳತೆಯ ಟೈರು ಸಿಗುತ್ತದೆ. ಗಾಡಿಯನ್ನು ಅಂಗಳದಲ್ಲಿ ಸರಿಸಲು ಅದು ಸಾಕು, ರಸ್ತೆಗೆ ಟ್ರಕ್ಕಿನದ್ದೇ ಹಾಕಿ.

ಬ್ರೇಕು ಹೈಡ್ರಾಲಿಕ್. ವೀಲ್ ಸಿಲಿಂಡರುಗಳಿಗೆ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಹಾಕಿಸಿ, ಪೈಪುಗಳನ್ನು ಒಂದನ್ನೂ ಉಳಿಸದೆ ಹೊಸದಾಗಿ ಎಳೆಸಿ. ವಿದ್ಯುತ್ತು 6 ವೋಲ್ಟಿನದು. ಸೆಲ್ಫ್ ನಿಧಾನವಾಗಿ ತಿರುಗುತ್ತದೆಂದು 12 ವೋಲ್ಟಿಗೆ ಬದಲಿಸುವ ಮುನ್ನ ಬ್ಯಾಟರಿಯ ಕೇಬಲ್ ನೋಡಿ, ಅದು ಹೆಬ್ಬೆರಳಿನಷ್ಟು ದಪ್ಪವಿರಬೇಕು. ಬ್ಯಾಟರಿಯನ್ನು ನನಗೆ ಹಾಸನದ ಒಬ್ಬರು ಮೂರು ದೊಡ್ಡ ಸೆಲ್ ಸೇರಿಸಿ ಕಟ್ಟಿಕೊಟ್ಟರು. ಸೀಸರಹಿತ ಪೆಟ್ರೋಲಿನ ಭಯ ಬೇಡ, ಕಂಪ್ರೆಷನ್ ಕಡಿಮೆಯಿರುವ ಇಂಜಿನ್ ಇದು. ಆದರೆ ಈಗಿನ ಪೆಟ್ರೋಲಿನ ಎಥನಾಲ್ ಹಳೆಯ ರಬ್ಬರನ್ನು ಕರಗಿಸುತ್ತದೆ, ಆದ್ದರಿಂದ ಫ್ಯುಯೆಲ್ ಪಂಪಿನ ಡಯಾಫ್ರಮ್ ಮತ್ತು ಹೋಸುಗಳನ್ನು ಅದಕ್ಕೆ ತಾಳುವ ರಬ್ಬರಿನದೇ ಹಾಕಿಸಿ. ಲೀಟರಿಗೆ ಮೂರೂವರೆ ಕಿಲೋಮೀಟರು ಕೊಟ್ಟರೆ ಇಂಜಿನ್ ಚೆನ್ನಾಗಿದೆ ಎಂದು ತಿಳಿಯಿರಿ.

ನಿಮ್ಮಲ್ಲಿರುವ ವಿಂಚ್ ನನ್ನಲ್ಲಿರಲಿಲ್ಲ, ಆದರೆ ಕೊಡಗಿನ ಗೆಳೆಯರೊಬ್ಬರ ಗಾಡಿಯಲ್ಲಿ ಅದನ್ನು ಬಿಚ್ಚಿ ನೋಡಿದ್ದೇನೆ. ಅದರ ಶಾಫ್ಟಿನಲ್ಲಿ ಭಾರ ಹೆಚ್ಚಾದಾಗ ತಾನಾಗಿ ತುಂಡಾಗಬೇಕಾದ ಮೆದುವಾದ ಪಿನ್ನೊಂದಿದೆ. ಮರ ಎಳೆಯುವ ಕಾಲದಲ್ಲಿ ಅದು ಪದೇ ಪದೇ ಮುರಿಯಿತೆಂದು ಗಟ್ಟಿ ಬೋಲ್ಟ್ ಹೊಡೆದಿಟ್ಟಿರುತ್ತಾರೆ. ಗೆಳೆಯರ ಗಾಡಿಯಲ್ಲಿ ಹಾಗೆಯೇ ಆಗಿ ವಿಂಚಿನ ಗೇರೇ ಹಲ್ಲು ಕಳೆದುಕೊಂಡಿತ್ತು. ನಿಮ್ಮದರಲ್ಲಿ ಏನಿದೆಯೆಂದು ನೋಡಿ, ಇಂಜಿನ್ ಸಂಖ್ಯೆಯ ಮತ್ತು ಡ್ಯಾಶ್‌ಬೋರ್ಡಿನ ಫಲಕದ ಫೋಟೋಗಳೊಡನೆ ಪ್ರಶ್ನೆಯಲ್ಲಿಯೇ ಸೇರಿಸಿದರೆ, ಪಟ್ಟಿಯಲ್ಲಿ ಯಾವ ಪುಟವನ್ನು ಮೊದಲು ತೆರೆಯಬೇಕೆಂದು ಹೇಳುತ್ತೇನೆ.