ನಮ್ಮ ಇಂಟಿಗ್ರೇಷನ್ ಸರ್ವರ್ (ಬೇರೆ ಬೇರೆ ವ್ಯವಸ್ಥೆಗಳ ನಡುವೆ ಸಂದೇಶ ಸಾಗಿಸುವುದು) ಹತ್ತು ದಿನಕ್ಕೊಮ್ಮೆ ಮೆಮೊರಿ ತುಂಬಿ ನಿಲ್ಲುತ್ತದೆ. ಎಲ್ಲಿಂದ ಹುಡುಕಲಿ?

ಹೀಪ್, ಅಂದರೆ ಜಾವಾ ತನ್ನ ಆಬ್ಜೆಕ್ಟ್‌ಗಳನ್ನು ಇಡುವ ಮೆಮೊರಿ, 4 ಜಿಬಿ ಇದ್ದಾಗ ಐದು ದಿನಕ್ಕೆ ನಿಲ್ಲುತ್ತಿದ್ದ ಜಾವಾ ಸರ್ವರ್, 8 ಜಿಬಿಗೆ ಏರಿಸಿದ ಮೇಲೆ ಹತ್ತು ದಿನಕ್ಕೆ ನಿಲ್ಲುತ್ತಿದೆ ಎಂದಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ಬರೀ ಜಾಗ ಸಾಲದೆ ನಿಲ್ಲುತ್ತಿದ್ದರೆ ದುಪ್ಪಟ್ಟು ಕೊಟ್ಟಾಗ ತೊಂದರೆ ತೀರಬೇಕಿತ್ತು. ಅವಧಿ ಮಾತ್ರ ದುಪ್ಪಟ್ಟಾಗಿದೆ, ಅಂದರೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏನೋ ಶೇಖರವಾಗುತ್ತಿದೆ. 16 ಜಿಬಿ ಕೊಡುವ ಯೋಚನೆ ಬಿಡಿ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದನ್ನೂ ದಯವಿಟ್ಟು ಪರಿಹಾರ ಎಂದುಕೊಳ್ಳಬೇಡಿ. ಪ್ರತಿ ಸಲವೂ ಸಾಕ್ಷ್ಯ ಅಳಿಸಿಹೋಗುತ್ತದೆ.

ಇದನ್ನು ಮೆಮೊರಿ ಸೋರಿಕೆ ಎನ್ನುತ್ತೇವಾದರೂ ಜಾವಾದಲ್ಲಿ ಏನೂ ಹೊರಗೆ ಹರಿದುಹೋಗುವುದಿಲ್ಲ. ಕೆಲಸ ಮುಗಿದ ಆಬ್ಜೆಕ್ಟನ್ನು ಇನ್ನೊಂದು ಆಬ್ಜೆಕ್ಟ್ ಬಿಡದೆ ಹಿಡಿದುಕೊಂಡಿರುತ್ತದೆ. ಹಾಗಾಗಿ ಮೆಮೊರಿ ಬಳಕೆಯ ಗ್ರಾಫಿನಲ್ಲಿ ಶಿಖರಗಳನ್ನು ನೋಡಬೇಡಿ, ತಳವನ್ನು ನೋಡಿ. ಪ್ರತಿ ಪೂರ್ಣ ಗಾರ್ಬೇಜ್ ಕಲೆಕ್ಷನ್ (ಯಾರೂ ಹಿಡಿದಿರದ ಆಬ್ಜೆಕ್ಟ್‌ಗಳನ್ನು ಜಾವಾ ತಾನಾಗಿ ತೆರವು ಮಾಡುವುದು) ಮುಗಿದ ಮೇಲೆ ಉಳಿಯುವ ಮೆಮೊರಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಹೀಪಿನಲ್ಲೇ ದೋಷವಿದೆ. ಆಗ ಜಾವಾದ ಜೊತೆಗೇ ಬರುವ ಜೆಮ್ಯಾಪ್ ಸಾಧನದಿಂದ ಜೀವಂತ ಆಬ್ಜೆಕ್ಟ್‌ಗಳ ಹಿಸ್ಟೋಗ್ರಾಂ, ಅಂದರೆ ಯಾವ ಕ್ಲಾಸಿನ ಆಬ್ಜೆಕ್ಟ್‌ಗಳು ಎಷ್ಟಿವೆ ಎಂಬ ಪಟ್ಟಿ, ತೆಗೆಯಿರಿ. ಒಂದಲ್ಲ, ಕೆಲವು ಗಂಟೆಗಳ ಅಂತರದಲ್ಲಿ ಮೂರು. ಪ್ರತಿ ಬಾರಿಯೂ ಪೂರ್ಣ ಕಲೆಕ್ಷನ್ ನಡೆದು ಸರ್ವರ್ ಸ್ವಲ್ಪ ತಡೆದು ನಿಲ್ಲುತ್ತದೆ, ಆದ್ದರಿಂದ ಸಂಚಾರ ಕಡಿಮೆ ಇರುವ ಹೊತ್ತನ್ನು ಆರಿಸಿ. ಪಟ್ಟಿಯ ತುದಿಯಲ್ಲಿ ಬೈಟ್ ಅರೇ, ಸ್ಟ್ರಿಂಗ್ ಇದ್ದೇ ಇರುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ. ಮೂರರಲ್ಲೂ ಏರುತ್ತಲೇ ಇರುವ ನಿಮ್ಮದೇ ಕ್ಲಾಸ್ ಅಥವಾ ಮೆಸೇಜ್ ಕ್ಲಾಸ್ ಯಾವುದೆಂದು ನೋಡಿ.

ಇಂಟಿಗ್ರೇಷನ್ ಕೆಲಸದಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಅರ್ಧಕ್ಕೆ ನಿಂತ ಸಂದೇಶಗಳ ಮೇಲೆ. ಒಮ್ಮೆ ನಾನು ಎರಡು ವಾರ ಕನೆಕ್ಷನ್ ಪೂಲನ್ನೇ (ಮರುಬಳಕೆಗೆ ತೆರೆದಿಟ್ಟ ಸಂಪರ್ಕಗಳ ಸಂಗ್ರಹ) ಜಾಲಾಡಿದೆ. ಕೊನೆಗೆ ಹೀಪ್ ಡಂಪನ್ನು (ಹೀಪಿನ ಪೂರ್ತಿ ನಕಲು ಇರುವ ಕಡತ) ಎಕ್ಲಿಪ್ಸ್ ಮ್ಯಾಟ್ ಎಂಬ ವಿಶ್ಲೇಷಣಾ ಸಾಧನದಲ್ಲಿ ತೆರೆದಾಗ, ಯಾವ ಆಬ್ಜೆಕ್ಟ್ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಡಾಮಿನೇಟರ್ ಟ್ರೀಯ ತುದಿಯಲ್ಲಿ ಒಂದೇ ಒಂದು ಮ್ಯಾಪ್ (ಗುರುತಿನ ಮೇಲೆ ಹುಡುಕುವ ಪಟ್ಟಿ) ಕಂಡಿತು. ವಿನಂತಿ ಹೋದಾಗ ಅದರ ಗುರುತು ಸಂಖ್ಯೆ ಮ್ಯಾಪಿಗೆ ಸೇರುತ್ತಿತ್ತು, ಉತ್ತರ ಬಂದಾಗ ಮಾತ್ರ ತೆಗೆಯಲ್ಪಡುತ್ತಿತ್ತು. ಉತ್ತರವೇ ಬಾರದ ವಿನಂತಿಗಳು ಇಡೀ ಸಂದೇಶದ ಸಮೇತ ಅಲ್ಲೇ ಕುಳಿತಿದ್ದವು. ಹತ್ತು ನಿಮಿಷದ ಟೈಮ್‌ಔಟ್ ಹಾಕಿದ ಮೇಲೆ ತಳ ಸಮತಟ್ಟಾಯಿತು. ಅಪಾಚೆ ಕ್ಯಾಮೆಲ್ ಎಂಬ ಇಂಟಿಗ್ರೇಷನ್ ಲೈಬ್ರರಿ ಬಳಸುತ್ತಿದ್ದರೆ, ಸಂಬಂಧಿಸಿದ ಸಂದೇಶಗಳನ್ನು ಗುಂಪುಗೂಡಿಸುವ ಅಗ್ರಿಗೇಟರ್‌ಗೆ ಕಂಪ್ಲೀಷನ್ ಟೈಮ್‌ಔಟ್ (ಗುಂಪಿಗಾಗಿ ಕಾಯುವ ಮಿತಿ) ಕೊಟ್ಟಿದ್ದೀರಾ ಎಂದು ಇವತ್ತೇ ನೋಡಿ. ಎಂದೂ ಪೂರ್ಣವಾಗದ ಗುಂಪುಗಳು ಹೀಗೆಯೇ ಉಳಿದುಬಿಡುತ್ತವೆ. ಥ್ರೆಡ್ ಪೂಲ್‌ಗಳಲ್ಲಿ (ಮರುಬಳಕೆಯಾಗುವ ಥ್ರೆಡ್‌ಗಳ ಸಂಗ್ರಹ) ತೆರವು ಮಾಡದ ಥ್ರೆಡ್‌ಲೋಕಲ್, ಅಂದರೆ ಒಂದೊಂದು ಥ್ರೆಡ್ ತನಗಾಗಿ ಇಟ್ಟುಕೊಂಡ ದತ್ತಾಂಶ, ಮತ್ತು ಮಿತಿಯಿಲ್ಲದ ಕ್ಯಾಶ್ ನಂತರದ ಶಂಕಿತರು.

ಹೀಪಿನ ತಳ ಸಮತಟ್ಟಾಗಿದ್ದೂ ಪ್ರೋಸೆಸ್ ಉಬ್ಬುತ್ತಿದ್ದರೆ ದಾರಿ ಬೇರೆ. ಹೀಪಿನ ಹೊರಗಿನ ಬಳಕೆಯನ್ನೂ ತೋರಿಸುವ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಿ, ಥ್ರೆಡ್ ಸಂಖ್ಯೆ ಮತ್ತು ಮೆಟಾಸ್ಪೇಸ್ (ಕ್ಲಾಸ್‌ಗಳ ವಿವರ ಇರುವ ಮೆಮೊರಿ) ಗಮನಿಸಿ. ಅಪ್ಲಿಕೇಶನ್ ರೀಡಿಪ್ಲಾಯ್ ಮಾಡಿದಾಗಲೆಲ್ಲ, ಅಂದರೆ ಸರ್ವರ್ ನಿಲ್ಲಿಸದೆ ಮತ್ತೆ ಹಾಕಿದಾಗಲೆಲ್ಲ, ಮೆಟಾಸ್ಪೇಸ್ ಏರುತ್ತಲೇ ಹೋದರೆ ಬಹುಶಃ ಹಳೆಯ ಕ್ಲಾಸ್ ಲೋಡರ್ (ಕ್ಲಾಸ್‌ಗಳನ್ನು ಮೆಮೊರಿಗೆ ತರುವ ಭಾಗ) ಬಿಡುಗಡೆಯಾಗಿಲ್ಲ.

ಮುಂದಿನ ಬಾರಿ ಔಟ್ ಆಫ್ ಮೆಮೊರಿ ದೋಷ ಬಂದಾಗ ಹೀಪ್ ಡಂಪ್ ತಾನಾಗಿ ಉಳಿಯುವಂತೆ ಈಗಲೇ ಆಯ್ಕೆ ಹಾಕಿಡಿ, ಡಿಸ್ಕಿನಲ್ಲಿ 8 ಜಿಬಿಗಿಂತ ಹೆಚ್ಚು ಜಾಗವಿರಲಿ. ಆ ಕಡತದಲ್ಲಿ ಗ್ರಾಹಕರ ಮಾಹಿತಿ, ಪಾಸ್‌ವರ್ಡ್ ಎಲ್ಲವೂ ಇರಬಹುದು. ಅದನ್ನು ನನಗೂ ಕಳುಹಿಸಬೇಡಿ. ಮೂರು ಹಿಸ್ಟೋಗ್ರಾಂಗಳಲ್ಲಿ ಏರಿದ ಕ್ಲಾಸ್‌ಗಳ ಹೆಸರು ಬರೆದರೆ ಸಾಕು, ಅಲ್ಲಿಂದ ಮುಂದೆ ಒಟ್ಟಿಗೆ ನೋಡೋಣ.