ಎರಡು ತಿಂಗಳ ನಿಷೇಧ ಸಾಕಾ?

ಮೀನು ಮೊಟ್ಟೆ ಇಡುವ ಕಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ನಿಲ್ಲಿಸಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಸಾಕಾಗುವುದಿಲ್ಲ. ನಿಷೇಧ ಮುಗಿದ ಮರುದಿನವೇ ಎಲ್ಲ ದೋಣಿಗಳೂ ಒಟ್ಟಿಗೆ ಕಡಲಿಗಿಳಿದು, ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನೂ ಬಾಚಿಕೊಂಡರೆ ಉಳಿಸಿದ್ದೆಲ್ಲ ಹೋಯಿತು. ಬಲೆಯ ಕಣ್ಣಿನ ಅಳತೆಗೆ ನಿಯಮ ಬೇಕು. ವರ್ಷಕ್ಕೆ ಎಷ್ಟು ಟನ್ ಹಿಡಿಯಬಹುದು ಎಂಬ ಮಿತಿಯೂ ಬೇಕು.

ಆ ಮಿತಿ ಸರಿಯಾಗಿರುವುದು ಮುಖ್ಯ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ನೋಡಿ. 1968ರಲ್ಲಿ ಅಲ್ಲಿನ ಕಡಲಿನಿಂದ ಸುಮಾರು 8 ಲಕ್ಷ ಟನ್ ಕಾಡ್ ಮೀನು ಹಿಡಿದಿದ್ದರು. ಆಮೇಲೆ ಮಿತಿ ಹಾಕಿದರು, ಆದರೆ ನೀರಿನಲ್ಲಿರುವ ಮೀನನ್ನು ಇದ್ದುದಕ್ಕಿಂತ ಜಾಸ್ತಿ ಎಂದು ಲೆಕ್ಕ ಹಾಕಿದ್ದರು. ಹಾಗಾಗಿ ಹಿಡಿದಿದ್ದು ಅತಿಯಾಗಿ, ಮೀನು ತೀರಾ ಕಡಿಮೆಯಾಗಿ, 1992ರಲ್ಲಿ ಸರ್ಕಾರ ಕಾಡ್ ಹಿಡಿಯುವುದಕ್ಕೇ ನಿಷೇಧ ಹೇರಬೇಕಾಯಿತು. ಸುಮಾರು 30 ಸಾವಿರ ಜನರ ಕೆಲಸ ಹೋಯಿತು. ಆ ಮನೆಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಿಷೇಧ ತೆಗೆದಿದ್ದು 2024ರಲ್ಲಿ.

ಇನ್ನು ಡೀಸೆಲ್ ಸಬ್ಸಿಡಿ. ಮೀನು ಕಡಿಮೆಯಾದರೂ ದೊಡ್ಡ ಟ್ರಾಲರ್‌ಗಳು ದೂರ ದೂರ ಹೋಗಲು ಇದೂ ಒಂದು ಕಾರಣ. ಅಕ್ರಮ ಮೀನುಗಾರಿಕೆಗೆ ಸಬ್ಸಿಡಿ ಕೊಡಬಾರದು ಎಂಬ ವಿಶ್ವ ವ್ಯಾಪಾರ ಸಂಸ್ಥೆಯ 2022ರ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಷ್ಟೇ ಜಾರಿಗೆ ಬಂತು. ಅಂಥ ಹಣವನ್ನು ನಿಷೇಧದ ದಿನಗಳಲ್ಲಿ ಸಣ್ಣ ಮೀನುಗಾರರ ಹೊಟ್ಟೆಪಾಡಿಗೆ ಕೊಡಲಿ ಎಂಬುದೇ ನನ್ನ ಆಸೆ.